ಆಯ್ಕೆ ನಿಮ್ಮದು, ಲೆಕ್ಕ ಬ್ರೌಸರಿನದು

ಕಂಪ್ಯೂಟರ್, ಬೈಕು, ಲಿಫ್ಟ್, ಅಡುಗೆಮನೆಯ ಕಪಾಟು. ಯಾವ ಭಾಗಕ್ಕೆ ಯಾವುದು ಹೊಂದುತ್ತದೆ ಎಂದು ಹೇಳುವ ತಂತ್ರಾಂಶ ಒಂದು ಕಾಲದಲ್ಲಿ ಕಂಪನಿಯ ದೈತ್ಯ ಯಂತ್ರದೊಳಗಿತ್ತು. ಈಗ ಅದು ಗಿರಾಕಿಯ ಫೋನಿನ ಬ್ರೌಸರಿಗೇ ಇಳಿದು ಬರುತ್ತಿದೆ.

1970ರ ದಶಕದ ಕೊನೆಯಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ಗೆ (ಉದ್ಯಮದವರ ಬಾಯಲ್ಲಿ ಬರೀ ‘ಡೆಕ್’) ವಿಚಿತ್ರ ತಲೆನೋವೊಂದು ಅಂಟಿಕೊಂಡಿತ್ತು. ಅದರ ವ್ಯಾಕ್ಸ್ ಕಂಪ್ಯೂಟರುಗಳಿಗೆ ಬೇಡಿಕೆ ಜೋರಾಗಿತ್ತು; ತಲೆನೋವು ಹುಟ್ಟಿದ್ದೂ ಆ ಬೇಡಿಕೆಯಿಂದಲೇ. ವ್ಯಾಕ್ಸ್ ಎಂಬುದು ಸಿದ್ಧ ಡಬ್ಬದಲ್ಲಿ ಬರುವ ಯಂತ್ರವಲ್ಲ. ಮೆಮೊರಿ ಎಷ್ಟು, ಡಿಸ್ಕ್ ಯಾವುದು, ಟರ್ಮಿನಲ್ ಎಷ್ಟು ಎಂದು ಗಿರಾಕಿ ಹೇಳಬೇಕು, ಅದಕ್ಕೆ ತಕ್ಕಂತೆ ಹತ್ತಾರು, ಕೆಲವೊಮ್ಮೆ ನೂರಕ್ಕೂ ಮಿಕ್ಕಿದ ಬಿಡಿಭಾಗಗಳನ್ನು ಜೋಡಿಸಬೇಕು. ಸೇಲ್ಸ್‌ನವರು ಬರೆದು ತಂದ ಆರ್ಡರಿನಲ್ಲಿ ಒಂದು ಕೇಬಲ್ ಬಿಟ್ಟುಹೋಗಿರುತ್ತಿತ್ತು. ಇಲ್ಲವೇ ಬರೆಸಿದ ಡಿಸ್ಕಿಗೆ ಬೇಕಾದ ಕಂಟ್ರೋಲರ್ ಇರುತ್ತಿರಲಿಲ್ಲ. ತಪ್ಪು ಗಿರಾಕಿಯ ಮನೆಬಾಗಿಲಲ್ಲಿ ಬಯಲಾಗಬಾರದೆಂದು ಡೆಕ್ ತನ್ನ ಕಾರ್ಖಾನೆಯಲ್ಲೇ ಇಡೀ ಯಂತ್ರವನ್ನು ಜೋಡಿಸಿ, ಓಡಿಸಿ ನೋಡಿ, ಮತ್ತೆ ಬಿಚ್ಚಿ ಪ್ಯಾಕ್ ಮಾಡಿ ಕಳಿಸುತ್ತಿತ್ತು. ಮಾರಾಟ ಹೆಚ್ಚಿದಂತೆ ಈ ಜೋಡಿಸಿ ಬಿಚ್ಚುವ ಕೆಲಸಕ್ಕೇ ದೊಡ್ಡ ದೊಡ್ಡ ಶೆಡ್ಡುಗಳು ಬೇಕಾದವು.

ಸಾಂಪ್ರದಾಯಿಕ ಪ್ರೋಗ್ರಾಂ ಬರೆದು ಇದನ್ನು ಬಗೆಹರಿಸಲು ಕಂಪನಿ ಮೊದಲೇ ಕೈಹಾಕಿ ಸೋತಿತ್ತು. 1978ರ ಡಿಸೆಂಬರಿನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಾನ್ ಮೆಕ್‌ಡರ್ಮಟ್ ಬೇರೆ ದಾರಿ ಹಿಡಿದರು. ಅನುಭವಿ ಎಂಜಿನಿಯರುಗಳ ತಲೆಯಲ್ಲಿದ್ದ ‘ಹೀಗಿದ್ದರೆ ಹೀಗೆ ಮಾಡು’ ಎಂಬ ಮಾತುಗಳನ್ನು ಒಂದೊಂದಾಗಿ ಹೊರತೆಗೆದು, ಪ್ರತಿಯೊಂದನ್ನೂ ಬಿಡಿ ನಿಯಮವಾಗಿ ಬರೆದರು. ಆರ್1 ಎಂದು ಶುರುವಾಗಿ ಮುಂದೆ ಎಕ್ಸ್‌ಕಾನ್ ಎಂದು ಹೆಸರಾದ ಈ ತಂತ್ರಾಂಶ 1980ರಲ್ಲಿ ಡೆಕ್‌ನಲ್ಲಿ ಕೆಲಸಕ್ಕೆ ಇಳಿಯಿತು. ನೂರಾರು ನಿಯಮಗಳಿಂದ ಹೊರಟದ್ದು ಸಾವಿರಾರಕ್ಕೆ ಬೆಳೆಯಿತು. 1986ರ ಹೊತ್ತಿಗೆ ಅದು ಕಂಪನಿಗೆ ವರ್ಷಕ್ಕೆ 4 ಕೋಟಿ ಡಾಲರ್ ಉಳಿಸುತ್ತಿದೆ ಎಂಬ ಅಂದಾಜಿತ್ತು. ಕೃತಕ ಬುದ್ಧಿಮತ್ತೆಯ ಚರಿತ್ರೆಯಲ್ಲಿ ವ್ಯಾಪಾರಕ್ಕೆ ನಿಜವಾಗಿ ಲಾಭ ತಂದ ಮೊದಲ ತಂತ್ರಾಂಶಗಳ ಸಾಲಿನಲ್ಲಿ ಎಕ್ಸ್‌ಕಾನ್ ಹೆಸರು ಇಂದಿಗೂ ಇದೆ.

ಅಂದು ಡೆಕ್‌ನ ಯಂತ್ರಗಳೊಳಗೆ ಓಡುತ್ತಿದ್ದ ಕೆಲಸವನ್ನು ಇಂದು ಹತ್ತು ಹದಿನೈದು ಸಾವಿರ ರೂಪಾಯಿಯ ಫೋನಿನ ಬ್ರೌಸರ್ ಮಾಡಬಲ್ಲದು. ಕಾನ್ಫಿಗರೇಟರ್ ಎಂಬ ಈ ಬಗೆಯ ತಂತ್ರಾಂಶ ಸರ್ವರ್ ಬಿಟ್ಟು ಬ್ರೌಸರಿಗೆ ಬಂದದ್ದರಲ್ಲಿ ಕಣ್ಣಿಗೆ ಮೊದಲು ಬೀಳುವುದು ಗಿರಗಿರ ತಿರುಗುವ ಮೂರು ಆಯಾಮದ ಚಿತ್ರ. ಆದರೆ ಅಸಲಿ ಸುದ್ದಿ ಚಿತ್ರವಲ್ಲ. ಕಂಪನಿಯ ನಿಯಮಪುಸ್ತಕವೇ ಗಿರಾಕಿಯ ಕೈಗೆ ಬಂದದ್ದು.

ಲಿಫ್ಟಿನ ಗೋಜಲು, ಸೈಕಲ್ಲಿನ ಕಾಯಿಸುವಿಕೆ

ಕಂಪ್ಯೂಟರಿಗಿಂತ ಲಿಫ್ಟು ಇನ್ನೂ ಕಠಿಣ. 1980ರ ದಶಕದಲ್ಲಿ ವೆಸ್ಟಿಂಗ್‌ಹೌಸ್ ಎಲಿವೇಟರ್ ಕಂಪನಿಗಾಗಿ ಸಾಂಡ್ರಾ ಮಾರ್ಕಸ್, ಜೆಫ್ರಿ ಸ್ಟೌಟ್ ಮತ್ತು ಅದೇ ಮೆಕ್‌ಡರ್ಮಟ್ ಸೇರಿ ‘ವಿಟಿ’ ಎಂಬ ತಂತ್ರಾಂಶ ಕಟ್ಟಿದರು. ಕಟ್ಟಡದ ಎತ್ತರ, ಹೊರಬೇಕಾದ ಭಾರ, ಲಿಫ್ಟಿನ ತಳದ ಗುಂಡಿಯ ಅಳತೆ ಕೊಟ್ಟರೆ ಅದು ಕ್ಯಾಬಿನ್, ಹಗ್ಗ, ಮೋಟಾರು, ಪ್ರತಿಭಾರ ಎಲ್ಲವನ್ನೂ ಆರಿಸಬೇಕು.

ಲಿಫ್ಟಿನಲ್ಲಿ ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ. ಚಕ್ರದ ಮೇಲೆ ಹಗ್ಗದ ಹಿಡಿತ ಸಾಲದೆಂದು ಕ್ಯಾಬಿನ್ನಿಗೆ ತೂಕ ಸೇರಿಸಿದರೆ ಚಕ್ರದ ತೋಡಿನ ಮೇಲಿನ ಒತ್ತಡ ಮಿತಿ ಮೀರುತ್ತದೆ. ಒತ್ತಡ ತಗ್ಗಿಸಲು ತೂಕ ಇಳಿಸಿದರೆ ಹಿಡಿತ ಮತ್ತೆ ಸಡಿಲ. ವಿಟಿ ಮೊದಲು ಒಂದು ಅಂದಾಜಿನ ವಿನ್ಯಾಸ ಮುಂದಿಡುತ್ತಿತ್ತು. ಯಾವ ನಿಯಮ ಮುರಿಯಿತೆಂದು ನೋಡಿ, ಅದಕ್ಕೆಂದೇ ಎಂಜಿನಿಯರುಗಳು ಹೇಳಿಕೊಟ್ಟ ಪರಿಹಾರ ಹಚ್ಚಿ, ಮತ್ತೆ ಲೆಕ್ಕ ಹಾಕುತ್ತಿತ್ತು. 1988ರಲ್ಲಿ ಅವರು ಪ್ರಕಟಿಸಿದ ವಿವರವನ್ನು ಮುಂದೆ ಅನೇಕ ಸಂಶೋಧಕರು ತಮ್ಮ ತಮ್ಮ ವಿಧಾನವನ್ನು ಒರೆಗೆ ಹಚ್ಚಲು ಬಳಸಿಕೊಂಡರು.

ಜಪಾನಿನಲ್ಲಿ ಕಥೆ ಬೇರೆ. ಪ್ಯಾನಸಾನಿಕ್ ಬ್ರ್ಯಾಂಡಿನ ಸೈಕಲ್ ಮಾಡುತ್ತಿದ್ದ ನ್ಯಾಷನಲ್ ಬೈಸಿಕಲ್ ಕಂಪನಿ 1987ರಲ್ಲಿ ಗಿರಾಕಿಯ ಮೈಕಟ್ಟಿಗೆ ಹೊಂದುವ ಸೈಕಲ್ ಮಾಡಿಕೊಡಲು ಶುರುಮಾಡಿತು. ಅಂಗಡಿಯಲ್ಲಿ ಅಳತೆ ತೆಗೆದು ಕಳಿಸಿದರೆ ಕಾರ್ಖಾನೆಯ ಕಂಪ್ಯೂಟರ್ ನಕ್ಷೆ ಬರೆಯುತ್ತಿತ್ತು. ಅಳತೆ, ಮಾದರಿ, ಬಣ್ಣ ಎಲ್ಲ ಸೇರಿ ಒಂದು ಕೋಟಿಗೂ ಮೀರಿದ ಬಗೆ ಸಾಧ್ಯವಿದ್ದವು. ಸೈಕಲ್ ಬೇಗನೇ ಸಿದ್ಧವಾಗುತ್ತಿದ್ದರೂ ಕಂಪನಿ ಬೇಕೆಂದೇ ಎರಡು ವಾರ ತಡೆದು ಕಳಿಸುತ್ತಿತ್ತು; ತನಗಾಗಿಯೇ ಮಾಡಿಸಿದ ವಸ್ತುವಿಗೆ ಒಂದಿಷ್ಟು ಕಾಯುವುದೂ ಸುಖವೆಂಬುದು ಅವರ ಎಣಿಕೆ.

ಸೈಕಲ್ಲಿಗೆ ಎರಡು ವಾರ ಕಾದ ಗಿರಾಕಿಯೂ ಪರದೆಯ ಮೇಲೆ ಒಂದು ಬಣ್ಣ ಒತ್ತಿ ಎರಡು ಸೆಕೆಂಡು ಕಾಯಲು ಒಪ್ಪುವುದಿಲ್ಲ.

ಒಂದು ಒತ್ತಿಗೆ ಒಂದು ವಿದೇಶ ಪ್ರವಾಸ

1996ರಲ್ಲಿ ಡೆಲ್ ತನ್ನ ಜಾಲತಾಣದಲ್ಲೇ ಕಂಪ್ಯೂಟರ್ ಮಾರಲು ಶುರುಮಾಡಿತು. ಪ್ರೊಸೆಸರ್, ಮೆಮೊರಿ, ಡಿಸ್ಕನ್ನು ಗಿರಾಕಿಯೇ ಆರಿಸಿಕೊಳ್ಳಬಹುದು. ವರ್ಷ ತಿರುಗುವಷ್ಟರಲ್ಲಿ ದಿನಕ್ಕೆ 10 ಲಕ್ಷ ಡಾಲರಿನ ವ್ಯಾಪಾರ. ಆಮೇಲೆ ಬೂಟು, ಕಾರು, ಪೀಠೋಪಕರಣ ಎಲ್ಲಕ್ಕೂ ಇದೇ ಪದ್ಧತಿ ಹಬ್ಬಿತು.

ಆ ಕಾಲದ ವ್ಯವಸ್ಥೆಯಲ್ಲಿ ಬ್ರೌಸರ್ ಬರೀ ಗುಮಾಸ್ತ. ಗಿರಾಕಿ ಏನು ಒತ್ತಿದ ಎಂಬುದನ್ನು ಸರ್ವರಿಗೆ ಮುಟ್ಟಿಸುವುದು, ಅಲ್ಲಿಂದ ಬಂದ ಉತ್ತರ ತೋರಿಸುವುದು, ಅಷ್ಟೇ ಅದರ ಕೆಲಸ. ಬೆಂಗಳೂರಿನಲ್ಲಿ ಕೂತವರು ಜರ್ಮನಿಯ ಫ್ರಾಂಕ್‌ಫರ್ಟಿನ ಸರ್ವರೊಂದನ್ನು ಮಾತಾಡಿಸುತ್ತಿದ್ದಾರೆ ಎನ್ನೋಣ. ನೇರ ದೂರವೇ 7,400 ಕಿ.ಮೀ. ಆಸುಪಾಸು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಓಡುತ್ತದೆ. ಹೋಗಿ ಬರಲು ಕನಿಷ್ಠ 74 ಮಿಲಿಸೆಕೆಂಡು. ಕೇಬಲ್ ನೇರವಾಗಿ ಹೋಗುವುದಿಲ್ಲ, ನಡುವೆ ಹತ್ತಾರು ರೂಟರುಗಳಿವೆ, ಕೊನೆಯಲ್ಲಿ ಮೊಬೈಲ್ ಟವರಿದೆ. ಸರ್ವರ್ ಲೆಕ್ಕ ಹಾಕುವ ಸಮಯ ಬೇರೆ. ಪರದೆಯ ಪ್ರತಿಕ್ರಿಯೆ 100 ಮಿಲಿಸೆಕೆಂಡಿನೊಳಗೆ ಬಂದರೆ ಮಾತ್ರ ಮನುಷ್ಯನಿಗೆ ‘ಒತ್ತಿದ ಕೂಡಲೇ ಆಯಿತು’ ಅನ್ನಿಸುತ್ತದೆ ಎಂದು ಬಳಕೆದಾರರ ಅನುಭವದ ತಜ್ಞ ಯಾಕೊಬ್ ನೀಲ್ಸನ್ 1993ರಲ್ಲೇ ಬರೆದಿಟ್ಟಿದ್ದರು. ಆ ಮಿತಿಯ ಮುಕ್ಕಾಲು ಪಾಲನ್ನು ಸಮುದ್ರದ ತಳವೇ ನುಂಗಿದರೆ ತಂತ್ರಾಂಶಕ್ಕೆ ಉಳಿಯುವುದು ಏನೂ ಇಲ್ಲ.

ಬೆಂಗಳೂರಿನಲ್ಲೇ ಒಂದು ಸರ್ವರ್ ಇಟ್ಟರೆ ದೂರದ ತೊಂದರೆ ಕಳೆಯುತ್ತದೆ, ಖರ್ಚು ಬೆಳೆಯುತ್ತದೆ. ಹೊಸ ಬೈಕು ಬಿಡುಗಡೆಯಾದ ದಿನ ಲಕ್ಷಾಂತರ ಮಂದಿ ಒಮ್ಮೆಲೇ ಬಣ್ಣ ಬದಲಿಸಿ ನೋಡುತ್ತಾರೆ. ಅವರಲ್ಲಿ ಕೊಳ್ಳುವವರು ಕೆಲವೇ ಮಂದಿ. ಆಟವಾಡುವ ಪ್ರತಿಯೊಬ್ಬರಿಗಾಗಿಯೂ ಸರ್ವರ್ ದುಡಿಯಲೇಬೇಕು.

ಬ್ರೌಸರಿಗೆ ಬಲ ಬಂದ ಬಗೆ

ಲೆಕ್ಕವನ್ನು ಬ್ರೌಸರಿನಲ್ಲೇ ಮಾಡಿಸುವ ಆಸೆ ಹಳೆಯದು. ಜಾವಾ ಆಪ್ಲೆಟ್ ಬಂತು, ಫ್ಲ್ಯಾಶ್ ಬಂತು. ಕಾರು ಕಂಪನಿಗಳ ಆರಂಭದ ಅಲಂಕಾರಿಕ ಕಾನ್ಫಿಗರೇಟರುಗಳಲ್ಲಿ ಎಷ್ಟೋ ಫ್ಲ್ಯಾಶಿನಲ್ಲೇ ಇದ್ದವು. ಆದರೆ ಇವೆರಡೂ ಹೊರಗಿನಿಂದ ಅಂಟಿಸಿದ ಪ್ಲಗಿನ್‌ಗಳು. ಭದ್ರತೆಯ ತೂತುಗಳು ಹೆಚ್ಚಿದವು, ಐಫೋನ್ ಫ್ಲ್ಯಾಶನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶಿಗೆ ಬೆಂಬಲ ನಿಲ್ಲಿಸಿತು.

ಗೆದ್ದದ್ದು ಬ್ರೌಸರಿನದೇ ಭಾಷೆಯಾದ ಜಾವಾಸ್ಕ್ರಿಪ್ಟ್. 1995ರಲ್ಲಿ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಅದರ ಮೊದಲ ರೂಪ ಬರೆದಾಗ ಅದು ಪುಟದ ಮೇಲಿನ ಸಣ್ಣಪುಟ್ಟ ಕೆಲಸಗಳಿಗಷ್ಟೇ ಮೀಸಲು. 2008ರಲ್ಲಿ ಗೂಗಲ್ ಕ್ರೋಮ್ ಜೊತೆ ಬಂದ ವಿ8 ಎಂಜಿನ್ ಅದರ ವೇಗವನ್ನು ಬಹಳ ಏರಿಸಿತು. ಆದರೆ ಕಂಪನಿಗಳ ಬಳಿ ಇದ್ದದ್ದು ಎರಡು ಮೂರು ದಶಕ ಸವೆಸಿದ ಸಿ++ ತಂತ್ರಾಂಶ. ಅದನ್ನೆಲ್ಲ ಜಾವಾಸ್ಕ್ರಿಪ್ಟಿನಲ್ಲಿ ಹೊಸದಾಗಿ ಬರೆಯಲು ಯಾರಿಗೂ ಮನಸ್ಸಿರಲಿಲ್ಲ.

ದಾರಿ ತೆರೆದದ್ದು ವೆಬ್‌ಅಸೆಂಬ್ಲಿ. ಸಿ++ ಅಥವಾ ರಸ್ಟ್ ಭಾಷೆಯಲ್ಲಿ ಬರೆದ ತಂತ್ರಾಂಶವನ್ನು ಬ್ರೌಸರಿಗೆ ನೇರ ಅರ್ಥವಾಗುವ ಅಡಕ ಯಾಂತ್ರಿಕ ರೂಪಕ್ಕೆ ಇಳಿಸುವ ವಿಧಾನ ಇದು. 2015ರಲ್ಲಿ ಘೋಷಣೆಯಾಗಿ 2017ರ ಕೊನೆಗೆ ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಜ್ ನಾಲ್ಕರಲ್ಲೂ ನೆಲೆಯಾಯಿತು. 2019ರ ಡಿಸೆಂಬರಿನಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿಯ ಅಧಿಕೃತ ಮುದ್ರೆ ಬಿತ್ತು. 1982ರಲ್ಲಿ ಹುಟ್ಟಿದ ಆಟೋಕ್ಯಾಡ್ 2018ರಲ್ಲಿ ಇದೇ ದಾರಿಯಿಂದ ಬ್ರೌಸರಿಗೆ ಬಂತು. ವಿನ್ಯಾಸಕಾರರು ಬಳಸುವ ಫಿಗ್ಮಾ, ವೆಬ್‌ಅಸೆಂಬ್ಲಿಗೆ ಬದಲಾದ ಮೇಲೆ ತೆರೆದುಕೊಳ್ಳುವ ವೇಗ ಮೂರು ಪಟ್ಟು ಹೆಚ್ಚಿದೆ ಎಂದು 2017ರಲ್ಲಿ ಪ್ರಕಟಿಸಿತು.

ಕಾನ್ಫಿಗರೇಟರ್ ಕಟ್ಟುವವರಿಗೆ ಬೇಕಾಗಿದ್ದ ಮುಖ್ಯ ಸಾಮಗ್ರಿಯೂ ಹೀಗೇ ಒದಗಿತು. ನಿಯಮಗಳ ಗೋಜಲು ಬಿಡಿಸುವ ‘ಸಾಲ್ವರ್’ ಅದು. ಸ್ವೀಡನ್ನಿನ ನಿಕ್ಲಾಸ್ ಎಎನ್ ಮತ್ತು ನಿಕ್ಲಾಸ್ ಸೋರೆನ್ಸನ್ 2003ರಲ್ಲಿ ಹೊರತಂದ ಮಿನಿಸ್ಯಾಟ್ ಹೆಸರಿಗೆ ತಕ್ಕಂತೆ ಪುಟ್ಟದು. ಬ್ರೌಸರಿನ ರೂಪದಲ್ಲೂ ಅದು ಸಿಗುತ್ತದೆ. ಮೈಕ್ರೋಸಾಫ್ಟ್ ರಿಸರ್ಚಿನ ಝಡ್3ಗೂ ಬ್ರೌಸರಿನಲ್ಲಿ ಓಡುವ ಆವೃತ್ತಿ ಇದೆ.

ಎಸ್‌ಪಿ ರಸ್ತೆಯ ಲೆಕ್ಕ, ಟ್ಯಾಬಿನೊಳಗೆ

ಇದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಬೆಂಗಳೂರಿನ ಎಸ್‌ಪಿ ರಸ್ತೆಯ ಯಾವುದಾದರೂ ಕಂಪ್ಯೂಟರ್ ಅಂಗಡಿಯ ಕೌಂಟರ್ ಮುಂದೆ ನಿಂತರೆ ಸಾಕು. ‘ಸರ್, ಈ ಬೋರ್ಡಿಗೆ ಆ ರ‍್ಯಾಮ್ ಕೂರಲ್ಲ’ ಎಂಬ ಮಾತು ಅಲ್ಲಿ ದಿನವೂ ಕೇಳುತ್ತದೆ. ಡಿಡಿಆರ್4 ಮತ್ತು ಡಿಡಿಆರ್5 ಮೆಮೊರಿಪಟ್ಟಿಗಳೆರಡರಲ್ಲೂ 288 ಸಂಪರ್ಕಬಿಂದುಗಳೇ. ಉದ್ದವೂ ಹೆಚ್ಚುಕಡಿಮೆ ಒಂದೇ. ಆದರೆ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಒಂದರ ಸ್ಲಾಟಿನಲ್ಲಿ ಇನ್ನೊಂದು ಇಳಿಯುವುದಿಲ್ಲ. ಅಂಗಡಿಯವರಿಗೆ ಇದನ್ನು ಹೇಳಲು ಪುಸ್ತಕ ಬೇಕಿಲ್ಲ.

ಅವರ ತಲೆಯೊಳಗಿನ ನಿಯಮದ ತುಣುಕೊಂದನ್ನು ಕಾಗದದ ಮೇಲೆ ಇಳಿಸಿ ನೋಡಬಹುದು. ಮೂರು ಪ್ರೊಸೆಸರ್: ಎಎಂ4 ಸಾಕೆಟ್ಟಿನ ರೈಜನ್ 5 5600, ಎಎಂ5 ಸಾಕೆಟ್ಟಿನ ರೈಜನ್ 5 7600, ಎಲ್‌ಜಿಎ 1700 ಸಾಕೆಟ್ಟಿನ ಕೋರ್ ಐ5 12400. ನಾಲ್ಕು ಮದರ್‌ಬೋರ್ಡ್: ಎಎಂ4ಕ್ಕೆ ಬಿ550, ಎಎಂ5ಕ್ಕೆ ಬಿ650, ಎಲ್‌ಜಿಎ 1700ಕ್ಕೆ ಡಿಡಿಆರ್4 ಸ್ಲಾಟಿನ ಬಿ660 ಮತ್ತು ಡಿಡಿಆರ್5 ಸ್ಲಾಟಿನ ಬಿ760. ಎರಡು ಬಗೆಯ ಮೆಮೊರಿ. ಎಎಂ4 ಬೋರ್ಡಿಗೆ ಡಿಡಿಆರ್4 ಮಾತ್ರ, ಎಎಂ5ಕ್ಕೆ ಡಿಡಿಆರ್5 ಮಾತ್ರ.

ಸುಮ್ಮನೆ ಗುಣಿಸಿದರೆ 24 ಜೋಡಣೆ. ಅದರಲ್ಲಿ ನಿಜಕ್ಕೂ ಕೆಲಸ ಮಾಡುವುದು ನಾಲ್ಕೇ.

ಈಗ ಗಿರಾಕಿ ಡಿಡಿಆರ್5 ಎಂದು ಒತ್ತುತ್ತಾರೆ. ಸಾಲ್ವರ್ ಮೊದಲು ಡಿಡಿಆರ್4 ಸ್ಲಾಟಿನ ಎರಡು ಬೋರ್ಡುಗಳನ್ನು ಕೈಬಿಡುತ್ತದೆ. ಬಿ550 ಹೋಯಿತೆಂದ ಮೇಲೆ ಎಎಂ4 ಸಾಕೆಟ್ಟೇ ಉಳಿಯಲಿಲ್ಲ, ಹಾಗಾಗಿ ರೈಜನ್ 5600 ಕೂಡ ಮಸುಕಾಗುತ್ತದೆ. ಗಿರಾಕಿ ಪ್ರೊಸೆಸರಿನ ಸುದ್ದಿಯನ್ನೇ ಎತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಮುಂದೆ ಐ5 ಒತ್ತಿದರೆ ಉಳಿಯುವ ಬೋರ್ಡು ಒಂದೇ, ಬಿ760. ಅದನ್ನು ತಂತ್ರಾಂಶ ತಾನಾಗಿಯೇ ತುಂಬುತ್ತದೆ. ಒಂದು ಆಯ್ಕೆಯ ಪರಿಣಾಮ ಹೀಗೆ ಸಾಲುಸಾಲಾಗಿ ಹರಡುವ ಇಡೀ ಕ್ರಿಯೆ ಫೋನಿನ ಒಳಗೇ, ಒಂದು ಮಿಲಿಸೆಕೆಂಡಿಗೂ ಕಡಿಮೆ ಸಮಯದಲ್ಲಿ ಮುಗಿಯುತ್ತದೆ. ಈ ಲೆಕ್ಕವನ್ನು ಸಾಮಾನ್ಯವಾಗಿ ‘ವೆಬ್ ವರ್ಕರ್’ ಎಂಬ ಪ್ರತ್ಯೇಕ ಎಳೆಯಲ್ಲಿ ಓಡಿಸುತ್ತಾರೆ. ಲೆಕ್ಕ ದೊಡ್ಡದಾಗಿ ಅರೆಕ್ಷಣ ತಡವಾದರೂ ಪರದೆ ಹೆಪ್ಪುಗಟ್ಟುವುದಿಲ್ಲ, ಬೆರಳಿಗೆ ತಕ್ಕಂತೆ ಪುಟ ಸರಿಯುತ್ತಲೇ ಇರುತ್ತದೆ.

24 ಜೋಡಣೆಯನ್ನು ಪಟ್ಟಿ ಮಾಡಿಯೇ ನೋಡಿಬಿಡಬಹುದು. ಹೌದು-ಇಲ್ಲ ಎನ್ನುವ 20 ಆಯ್ಕೆಗಳಿದ್ದರೆ 10,48,576 ಜೋಡಣೆಗಳಾಗುತ್ತವೆ. 70 ಆಯ್ಕೆಗಳಿದ್ದರೆ 1ರ ಮುಂದೆ 21 ಸೊನ್ನೆ ಇಟ್ಟಷ್ಟು. ಒಂದು ಕಾರಿಗೆ 70 ಆಯ್ಕೆ ಹೆಚ್ಚೇನಲ್ಲ. ಪಟ್ಟಿ ಮಾಡುವ ಮಾತು ಅಲ್ಲಿಗೆ ಮುಗಿಯಿತು.

ಇಂಥಲ್ಲಿ ಎರಡು ದಾರಿಗಳಿವೆ. ಒಂದು, ಮಿನಿಸ್ಯಾಟ್‌ನಂಥ ಸಾಲ್ವರನ್ನು ಪ್ರತಿ ಒತ್ತಿಗೂ ಕೇಳುವುದು: ‘ಇದನ್ನು ಆರಿಸಿದರೆ ಮುಂದೆ ಪೂರ್ತಿ ಜೋಡಣೆ ಒಂದಾದರೂ ಸಿಗುತ್ತದೆಯೇ?’ ಸಿಗದಿದ್ದರೆ ಆ ಗುಂಡಿಯನ್ನು ಮಸುಕು ಮಾಡುವುದು. ಇದನ್ನು ಅರೆಬರೆ ಮಾಡಿದರೆ ಗಿರಾಕಿ ಹತ್ತು ಹೆಜ್ಜೆ ನಡೆದ ಮೇಲೆ ಮುಂದೆ ಏನೂ ಒತ್ತಲಾಗದ ಗೋಡೆಗೆ ಬಂದು ನಿಲ್ಲುತ್ತಾರೆ. ಹೆಚ್ಚಿನವರು ಪುಟ ಮುಚ್ಚಿ ಹೋಗುವುದು ಅಲ್ಲೇ.

ಇನ್ನೊಂದು ದಾರಿಯಲ್ಲಿ ಕಷ್ಟದ ಲೆಕ್ಕವನ್ನು ಕಾರ್ಖಾನೆಯಲ್ಲೇ ಮೊದಲು ಮುಗಿಸಿಡುತ್ತಾರೆ. ಕಾರ್ನೆಗಿ ಮೆಲನ್‌ನ ರ‍್ಯಾಂಡಲ್ ಬ್ರಯಂಟ್ 1986ರಲ್ಲಿ ವಿವರಿಸಿದ ಬಿಡಿಡಿ ಎಂಬ ರಚನೆ ಇದಕ್ಕೆ ಹೇಳಿಮಾಡಿಸಿದ್ದು. ಸರಿಯಾದ ಜೋಡಣೆಗಳೆಲ್ಲ ಅದರಲ್ಲಿ ಒಂದು ರಸ್ತೆ ನಕ್ಷೆಯಂತೆ ಕೂತಿರುತ್ತವೆ: ಬೇರೆ ಬೇರೆ ಊರಿನಿಂದ ಹೊರಟ ದಾರಿಗಳು ಮುಂದೆ ಒಂದೇ ಹೆದ್ದಾರಿಗೆ ಸೇರುವುದರಿಂದ, ಪ್ರತಿ ಪಯಣವನ್ನೂ ಬೇರೆ ಬೇರೆಯಾಗಿ ಬರೆಯಬೇಕಿಲ್ಲ. ಕೋಟಿ ಕೋಟಿ ಜೋಡಣೆಗಳು ಎಷ್ಟೋ ಸಲ ಸಣ್ಣ ಕಡತವೊಂದರಲ್ಲಿ ಅಡಗುತ್ತವೆ. ಬ್ರೌಸರ್ ಆ ಕಡತವನ್ನು ಒಮ್ಮೆ ತರಿಸಿಕೊಂಡರೆ ಸಾಕು. ಆಮೇಲೆ ಪ್ರತಿ ಒತ್ತಿಗೂ ನಕ್ಷೆಯ ಮೇಲೆ ಒಂದು ಸುತ್ತು ಹೊಡೆದರೆ ಉತ್ತರ ಸಿದ್ಧ. ಕೋಪನ್‌ಹೇಗನ್ನಿನ ಐಟಿ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಬೆಳೆದ ಡೆನ್ಮಾರ್ಕಿನ ಕಾನ್ಫಿಗಿಟ್ ಕಂಪನಿ ಈ ತತ್ವದ ಮೇಲೆಯೇ ತನ್ನ ವ್ಯಾಪಾರ ಕಟ್ಟಿತು.

‘ಯಾಕೆ ಆಗಲ್ಲ?’

ಮಸುಕಾದ ಗುಂಡಿಯಷ್ಟು ಸಿಟ್ಟು ಬರಿಸುವುದು ಇನ್ನೊಂದಿಲ್ಲ. ಇಷ್ಟಪಟ್ಟ ಬಣ್ಣ ಸಿಗುವುದಿಲ್ಲ ಎಂದರೆ ಆಯಿತು, ಯಾಕೆ ಸಿಗುವುದಿಲ್ಲ ಎಂದಾದರೂ ಹೇಳಬೇಡವೇ? ಎಸ್‌ಪಿ ರಸ್ತೆಯ ಅಂಗಡಿಯವರು ಹೇಳುತ್ತಾರೆ. ಹಳೆಯ ಜಾಲತಾಣಗಳು ಹೇಳುತ್ತಿರಲಿಲ್ಲ.

ಫ್ರಾನ್ಸ್ ಮೂಲದ ಐಲಾಗ್ ಕಂಪನಿಯಲ್ಲಿದ್ದ ಉಲ್ರಿಚ್ ಯುಂಕರ್ 2004ರಲ್ಲಿ ‘ಕ್ವಿಕ್‌ಎಕ್ಸ್‌ಪ್ಲೇನ್’ ಎಂಬ ವಿಧಾನ ಪ್ರಕಟಿಸಿದರು. ಗಿರಾಕಿ ಹದಿನೈದು ಆಯ್ಕೆ ಮಾಡಿದ್ದಾರೆ, ಹದಿನಾರನೆಯದು ಹೊಂದುತ್ತಿಲ್ಲ. ಹದಿನೈದೂ ಅಡ್ಡ ಬಂದಿರುವುದಿಲ್ಲ, ಎರಡೋ ಮೂರೋ ಬಂದಿರುತ್ತವೆ. ಆಯ್ಕೆಗಳನ್ನು ಅರ್ಧರ್ಧ ಮಾಡುತ್ತಾ, ಪ್ರತಿ ಅರ್ಧಕ್ಕೂ ಸಾಲ್ವರನ್ನು ಕೇಳುತ್ತಾ, ಜಗಳಕ್ಕೆ ಕಾರಣವಾದ ಕನಿಷ್ಠ ಗುಂಪನ್ನು ಇದು ಹೆಕ್ಕಿ ಕೊಡುತ್ತದೆ. ಗಿರಾಕಿಗೆ ಹೆಚ್ಚು ಬೇಕಾದದ್ದು ಯಾವುದು ಎಂಬ ಆದ್ಯತೆಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಒಂದು ‘ಯಾಕೆ’ಗೆ ಉತ್ತರ ಹುಡುಕಲು ಸಾಲ್ವರನ್ನು ಹತ್ತಾರು ಸಲ ಕೇಳಬೇಕಾಗುತ್ತದೆ. ಲೆಕ್ಕವೆಲ್ಲ ಕೈಯಲ್ಲಿನ ಯಂತ್ರದಲ್ಲೇ ನಡೆಯುವುದರಿಂದ, ಗಿರಾಕಿ ಎಷ್ಟು ಸಲ ‘ಯಾಕೆ’ ಎಂದರೂ ಕಂಪನಿಯ ಸರ್ವರಿಗೆ ಒಂದು ಪೈಸೆಯ ಹೊರೆ ಇಲ್ಲ. ಬ್ರೌಸರಿಗೆ ಬಂದದ್ದರ ದೊಡ್ಡ ಲಾಭ ಇರುವುದು ಇಲ್ಲಿ.

ಚಿತ್ರದ ಕಡೆಯೂ ಕೆಲಸ ನಡೆದಿದೆ. 2011ರಲ್ಲಿ ಬಂದ ವೆಬ್‌ಜಿಎಲ್ ಮಾನದಂಡ ಫೋನಿನ ಗ್ರಾಫಿಕ್ಸ್ ಚಿಪ್ಪನ್ನು ಬ್ರೌಸರಿನ ಕೈಗೆ ಕೊಟ್ಟಿತು. ಮೂರು ಆಯಾಮದ ಮಾದರಿಗಳನ್ನು ಅಡಕವಾಗಿ ಸಾಗಿಸುವ ಜಿಎಲ್‌ಟಿಎಫ್ ಎಂಬ ಕಡತರೂಪ ಬಂತು. ರಾಯಲ್ ಎನ್‌ಫೀಲ್ಡ್ 2020ರಲ್ಲಿ ತಂದ ‘ಮೇಕ್ ಇಟ್ ಯುವರ್ಸ್’ನಲ್ಲಿ ಬೈಕಿನ ಬಣ್ಣ, ಸೀಟು, ಕನ್ನಡಿಗಳನ್ನು ಬದಲಿಸಿ ಸುತ್ತ ತಿರುಗಿಸಿ ನೋಡಬಹುದು.

ನೆಟ್‌ವರ್ಕ್ ಇಲ್ಲದ ಊರಿನಲ್ಲಿ

ಮಾಡ್ಯುಲರ್ ಕಿಚನ್ ಮಾಡುವವರು ಅಳತೆ ತೆಗೆಯಲು ಹೋಗುವ ಮನೆ ಮಲೆನಾಡಿನ ಒಳಗೆಲ್ಲೋ ಇರಬಹುದು. ಅಪಾರ್ಟ್‌ಮೆಂಟಿನ ಎರಡನೇ ನೆಲಮಾಳಿಗೆಯಲ್ಲಿ ಲಿಫ್ಟಿನ ತಳದ ಗುಂಡಿ ನೋಡುವ ತಂತ್ರಜ್ಞರಿಗೂ ಸಿಗ್ನಲ್ ಸಿಗುವುದಿಲ್ಲ. ‘ಸರ್ವಿಸ್ ವರ್ಕರ್’ ಎಂಬ ಸೌಲಭ್ಯದಿಂದ ಜಾಲಪುಟ, ನಿಯಮಗಳ ಕಡತ, ಚಿತ್ರ ಎಲ್ಲವನ್ನೂ ಫೋನಿನಲ್ಲೇ ಇಟ್ಟುಕೊಳ್ಳಬಹುದು. ಕ್ರೋಮ್‌ನಲ್ಲಿ ಇದು 2015ರಿಂದ, ಸಫಾರಿಯಲ್ಲಿ 2018ರಿಂದ ಇದೆ. ಅಳತೆ ತುಂಬಿ, ಕಪಾಟು ಆರಿಸಿ, ಅಂದಾಜು ಬೆಲೆಯನ್ನು ಮನೆಯವರ ಮುಂದೆಯೇ ಹೇಳಬಹುದು. ಆರ್ಡರ್ ಮಾತ್ರ ಸಿಗ್ನಲ್ ಸಿಕ್ಕ ಮೇಲೆ ಹೋಗುತ್ತದೆ. ಆದರೆ ಇದರಲ್ಲೂ ಒಂದು ಕೊಕ್ಕೆ. ಐಫೋನಿನ ಸಫಾರಿಯನ್ನು ಏಳು ದಿನ ಬಳಸಿಯೂ ಆ ತಾಣದ ಕಡೆ ತಲೆಹಾಕದಿದ್ದರೆ, ಅದು ಹೀಗೆ ಕೂಡಿಟ್ಟದ್ದನ್ನು ಅಳಿಸಿಹಾಕುವ ನಿಯಮ 2020ರಿಂದ ಇದೆ. ತಾಣವನ್ನು ಮುಖಪರದೆಗೆ ಸೇರಿಸಿಕೊಂಡವರಿಗೆ ಈ ಕಾಟವಿಲ್ಲ.

ಬೆಲೆ ತೋರಿಸುವುದರಲ್ಲೂ ಎಚ್ಚರ ಬೇಕು. ಜಾವಾಸ್ಕ್ರಿಪ್ಟಿನಲ್ಲಿ 0.1ಕ್ಕೆ 0.2 ಕೂಡಿದರೆ 0.30000000000000004 ಬರುತ್ತದೆ, ಕಂಪ್ಯೂಟರ್ ದಶಮಾಂಶವನ್ನು ದ್ವಿಮಾನದಲ್ಲಿ ಹಿಡಿದಿಡುವುದರ ಫಲ ಅದು. ಹಾಗಾಗಿ ಪಳಗಿದವರು ರೂಪಾಯಿಯಲ್ಲಿ ಲೆಕ್ಕ ಹಾಕುವುದಿಲ್ಲ. ಎಲ್ಲವನ್ನೂ ಪೈಸೆಯಲ್ಲಿ, ಪೂರ್ಣಾಂಕವಾಗಿ ಕೂಡಿ, ಕೊನೆಗೆ ರೂಪಾಯಿ ಮಾಡಿ ತೋರಿಸುತ್ತಾರೆ. 1,25,000 ಎಂದು ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮ ಹಾಕುವುದು ಈಗಿನ ಬ್ರೌಸರುಗಳಿಗೆ ತಾವಾಗಿಯೇ ಗೊತ್ತಿದೆ.

ಕಳಿಸಬಾರದ್ದು, ನಂಬಬಾರದ್ದು

ಬ್ರೌಸರಿಗೆ ಕಳಿಸಿದ್ದನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ವೆಬ್‌ಅಸೆಂಬ್ಲಿಯ ಕಡತ ಓದಲು ಕಷ್ಟ, ಅಸಾಧ್ಯವಲ್ಲ. ಹಾಗಾಗಿ ಭಾಗದ ಅಸಲು ಬೆಲೆ, ಡೀಲರಿಗೆ ಕೊಡುವ ಕಮಿಷನ್, ದೊಡ್ಡ ಗಿರಾಕಿಗೆ ಬಿಡುವ ರಿಯಾಯಿತಿ ಇವೆಲ್ಲ ಸರ್ವರಿನಲ್ಲೇ ಉಳಿಯಬೇಕು. ಎಂಜಿನಿಯರಿಂಗ್ ಗುಟ್ಟೊಂದು ನಿಯಮದ ರೂಪದಲ್ಲಿದ್ದರೆ, ಪ್ರತಿಸ್ಪರ್ಧಿಯ ಕೈಗೂ ಅದು ಸಿಗುತ್ತದೆ ಎಂದುಕೊಂಡೇ ಮುಂದಡಿ ಇಡಬೇಕು.

ಬ್ರೌಸರಿನಿಂದ ಬಂದದ್ದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಬ್ರೌಸರ್ ಕಳಿಸಿದ ಬೆಲೆಯನ್ನೇ ಅಂತಿಮವೆಂದು ತೆಗೆದುಕೊಳ್ಳುವ ತಾಣದಲ್ಲಿ ಕಿಡಿಗೇಡಿಗಳು ಸಾವಿರದ ಜಾಗದಲ್ಲಿ ಒಂದು ಎಂದು ತಿದ್ದಿ ಕಳಿಸಿಯಾರು. ಆದ್ದರಿಂದ ಆರ್ಡರ್ ಬಂದ ಮೇಲೆ ಸರ್ವರ್ ಇಡೀ ಜೋಡಣೆಯನ್ನೂ ಬೆಲೆಯನ್ನೂ ಮತ್ತೊಮ್ಮೆ ಲೆಕ್ಕ ಹಾಕಲೇಬೇಕು. ಹಿಂದೆ ಇಲ್ಲೊಂದು ಪೇಚು ಇತ್ತು: ಬ್ರೌಸರಿನ ನಿಯಮಗಳನ್ನು ಒಂದು ತಂಡ ಜಾವಾಸ್ಕ್ರಿಪ್ಟಿನಲ್ಲಿ, ಸರ್ವರಿನದನ್ನು ಇನ್ನೊಂದು ತಂಡ ಜಾವಾದಲ್ಲಿ ಬರೆಯುವುದು. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆತರೆ, ಪರದೆ ‘ಆಗುತ್ತದೆ’ ಎಂದದ್ದನ್ನು ಸರ್ವರ್ ತಳ್ಳಿಹಾಕುತ್ತಿತ್ತು. ವೆಬ್‌ಅಸೆಂಬ್ಲಿಯ ಒಂದೇ ಕಡತವನ್ನು ಎರಡೂ ಕಡೆ ಓಡಿಸಬಹುದಾದ್ದರಿಂದ ಈಗ ಆ ಜಗಳಕ್ಕೆ ಆಸ್ಪದ ಕಡಿಮೆ.

ಹಳೆಯ ನಿಯಮದ ಕಾಟ ಬೇರೆ. ಗಿರಾಕಿ ಸೋಮವಾರ ತೆರೆದ ಟ್ಯಾಬನ್ನು ಗುರುವಾರ ಮುಂದುವರಿಸುತ್ತಾರೆ. ನಡುವೆ ಒಂದು ಸೀಟಿನ ಬಟ್ಟೆ ನಿಂತುಹೋಗಿದೆ. ಅದಕ್ಕಾಗಿ ನಿಯಮಗಳ ಪ್ರತಿ ಕಡತಕ್ಕೂ ಆವೃತ್ತಿ ಸಂಖ್ಯೆ ಹಾಕಿ, ಆರ್ಡರಿನ ಜೊತೆ ಅದನ್ನೂ ಕಳಿಸುತ್ತಾರೆ. ಸರ್ವರಿಗೆ ಸಂಖ್ಯೆ ಹಳೆಯದೆಂದು ಗೊತ್ತಾದರೆ ಏನು ಬದಲಾಗಿದೆ ಎಂದು ತೋರಿಸಿ ಒಪ್ಪಿಗೆ ಕೇಳುತ್ತದೆ.

ಖಾಸಗಿತನದ ಲಾಭವನ್ನೂ ಅಳೆದು ಹೇಳಬೇಕು. ಗಿರಾಕಿ ಏನೇನು ಆರಿಸಿ ನೋಡಿದರು ಎಂಬುದನ್ನು ಸರ್ವರಿಗೆ ತಿಳಿಸುವ ತಾಂತ್ರಿಕ ಅಗತ್ಯ ಈಗ ಉಳಿದಿಲ್ಲ. ಆದರೆ ಮಾರಾಟ ವಿಭಾಗಕ್ಕೆ ಆ ಮಾಹಿತಿ ಬೇಕೇ ಬೇಕು. ಯಾವ ಬಣ್ಣವನ್ನು ಎಷ್ಟು ಮಂದಿ ನೋಡಿ ಬಿಟ್ಟರು ಎಂಬುದರ ಮೇಲೆ ಮುಂದಿನ ವರ್ಷದ ಯೋಜನೆ ನಿಂತಿರುತ್ತದೆ. ಹೀಗಾಗಿ ಲೆಕ್ಕ ಬ್ರೌಸರಿನಲ್ಲೇ ನಡೆದರೂ, ಒತ್ತಿದ ಗುಂಡಿಗಳ ವರದಿ ಹೊರಗೆ ಹೋಗುತ್ತಲೇ ಇರಬಹುದು.

ನಿಯಮ ಬರೆಯುವವರು ಯಾರು?

ಡೆಕ್‌ಗೆ ಕೊನೆಕೊನೆಗೆ ಹೊರೆಯಾದದ್ದು ಎಕ್ಸ್‌ಕಾನ್ ಓಡಿಸುವುದಲ್ಲ, ಅದರ ನಿಯಮಗಳನ್ನು ಸಂಭಾಳಿಸುವುದು. ಹೊಸ ಭಾಗಗಳು ಬಂದಂತೆಲ್ಲ ಪ್ರತಿ ವರ್ಷ ನಿಯಮಗಳ ದೊಡ್ಡ ಪಾಲನ್ನು ತಿದ್ದಬೇಕಾಗುತ್ತಿತ್ತು, ಅದಕ್ಕೆಂದೇ ಒಂದು ತಂಡವಿತ್ತು. ಇಂಥ ನಿಯಮಗಳಲ್ಲಿನ ತಪ್ಪು ಹಿಡಿಯಲು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ವೋಲ್ಫ್‌ಗಾಂಗ್ ಕ್ಯೂಷ್ಲಿನ್, ಕಾರ್ಸ್ಟೆನ್ ಸಿಂಜ್ ಮತ್ತು ಸಂಗಡಿಗರು ಮರ್ಸಿಡಿಸ್ ಕಾರುಗಳ ನಿಯಮಪುಸ್ತಕವನ್ನೇ ಸಾಲ್ವರಿಗೆ ಕೊಟ್ಟು ಪರೀಕ್ಷಿಸಿದ್ದನ್ನು 2003ರಲ್ಲಿ ಪ್ರಕಟಿಸಿದರು. ಯಾವ ಜೋಡಣೆಯಲ್ಲೂ ಎಂದೂ ಆರ್ಡರ್ ಮಾಡಲಾಗದ ಆಯ್ಕೆ, ಯಾವ ಕಾರಿಗೂ ಎಂದೂ ಕೂರದ ಭಾಗ: ಇಂಥ ತಪ್ಪುಗಳನ್ನು ಹೀಗೆ ಹಿಡಿಯಬಹುದು. ಬ್ರೌಸರಿಗೆ ಹೋಗುವ ಕಡತಗಳಿಗೂ ಇದೇ ಪರೀಕ್ಷೆ ಒಗ್ಗುತ್ತದೆ. ಗಿರಾಕಿಗಳ ಸಾವಿರಾರು ಫೋನುಗಳಲ್ಲಿ ಕೂರುವ ಮೊದಲೇ ತಪ್ಪು ಸಿಗಬೇಕು.

ಸಾಮಗ್ರಿಯೇನೋ ಅಗ್ಗವಾಗಿದೆ. ಸಾಲ್ವರುಗಳು ಉಚಿತ. ಬ್ರೌಸರಿನಲ್ಲೇ ಓಡುವ ಕಾನ್ಫಿಗರೇಟರ್ ಎಂದರೆ ಕೆಲವು ಕಡತಗಳಷ್ಟೇ. ಅವನ್ನು ಯಾವುದಾದರೂ ಹೋಸ್ಟಿಂಗ್ ತಾಣದಲ್ಲಿ ಇಟ್ಟರೆ ಲೆಕ್ಕ ಹಾಕುವ ಸರ್ವರ್ ಕಾಯುವ ಖರ್ಚಿಲ್ಲ. ಹತ್ತು ಮಂದಿ ಕೆಲಸ ಮಾಡುವ, ಬೆಂಗಳೂರಿನ ಪೀಣ್ಯದಲ್ಲಿ ಎಲೆಕ್ಟ್ರಿಕಲ್ ಪ್ಯಾನೆಲ್ ಬೋರ್ಡ್ ಮಾಡುವ ಘಟಕಕ್ಕೂ ಇದು ಎಟುಕುವಂಥದ್ದೇ. ಇಷ್ಟು ಆಂಪಿಯರಿಗೆ ಯಾವ ಬ್ರೇಕರ್, ಅದಕ್ಕೆ ಎಷ್ಟು ದಪ್ಪದ ಬಸ್‌ಬಾರ್, ಅದೆಲ್ಲ ಕೂರಲು ಎಷ್ಟಗಲದ ಪೆಟ್ಟಿಗೆ ಎಂಬುದು ಅಲ್ಲಿನ ಹಿರಿಯ ಫೋರ್‌ಮನ್ನರಿಗೆ ಕಂಠಪಾಠ. ಗಿರಾಕಿಯ ಫೋನಿನಲ್ಲಿ ಕೊಟೇಶನ್ ಬರಬೇಕಾದರೆ ಯಾರಾದರೊಬ್ಬರು ಅವರ ಪಕ್ಕ ಕೂತು ಅದನ್ನು ಒಂದೊಂದು ಸಾಲಾಗಿ ಎಕ್ಸೆಲ್ ಪಟ್ಟಿಗೆ ಇಳಿಸಬೇಕು. ಹಳೆಯ ಬಿಲ್ಲುಗಳನ್ನು ತೆಗೆದು, ನಿಜವಾಗಿ ಮಾಡಿಕೊಟ್ಟ ಪ್ರತಿ ಪ್ಯಾನೆಲ್ಲೂ ಆ ಪಟ್ಟಿಯಲ್ಲಿ ಹಾದುಹೋಗುತ್ತದೆಯೇ ಎಂದು ತಾಳೆ ನೋಡಬೇಕು. ಹಾದುಹೋಗದ ಮೊದಲ ಬಿಲ್ಲು ಸಿಕ್ಕಾಗ, ತಪ್ಪಿದ್ದು ಪಟ್ಟಿಯೋ ಅಥವಾ ಅಂದು ಯಾವುದೋ ತುರ್ತಿಗೆ ಫೋರ್‌ಮನ್ನರೇ ನಿಯಮ ಸಡಿಲಿಸಿದ್ದೋ ಎಂದು ಅವರನ್ನೇ ಕೇಳಬೇಕು.